ರೇಣುಕಾ ಟೀಚರ ಎರಡನೇ ಖಾತೆ

ಹೊಸಹಳ್ಳಿಯ ಸರ್ಕಾರಿ ಶಾಲೆಯಲ್ಲಿ ರೇಣುಕಾ ಟೀಚರಿಗೂ ಗೀತಾಂಜಲಿ ಟೀಚರಿಗೂ ಬರುವ ಪಗಾರ ಒಂದೇ. ಒಂದೇ ಎಂದರೆ ರೂಪಾಯಿಗೆ ರೂಪಾಯಿ ಒಂದೇ. ಇಬ್ಬರೂ 2008ರಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಇಬ್ಬರ ಇಂಕ್ರಿಮೆಂಟೂ ಒಂದೇ ತಿಂಗಳು. ಕೂಡ್ಲಿಗಿಯಿಂದ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ವಾಪಸ್ಸು ಹೋಗುವವರು. ಇಷ್ಟೆಲ್ಲ ಒಂದೇ ಆಗಿಬಿಟ್ಟರೆ ಒಂದು ಕಷ್ಟವಿದೆ. ಒಬ್ಬಳ ಸೀರೆ ಇನ್ನೊಬ್ಬಳದಕ್ಕಿಂತ ಎಳೆಯಷ್ಟು ಚೆಂದ ಕಂಡರೂ, ಅದು ಎಲ್ಲಿಂದ ಬಂತು ಎಂದು ಲೆಕ್ಕ ಹಾಕದೆ ಇರಲು ಆಗುವುದಿಲ್ಲ. ರೇಣುಕಾ ಹದಿನೇಳು ವರ್ಷದಿಂದ ಆ ಲೆಕ್ಕ ಹಾಕುತ್ತಲೇ ಇದ್ದಳು.

ಸೀರೆಯದು ಗಂಡನ ದುಡ್ಡು ಎಂದು ಸಮಾಧಾನ ಮಾಡಿಕೊಂಡಳು. ಗೀತಾಂಜಲಿಯ ಗಂಡ ಗಂಗಾಧರನಿಗೆ ಕೂಡ್ಲಿಗಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿಯಿತ್ತು. ಎರಡಂತಸ್ತಿನ ಮನೆ ಎದ್ದಾಗ, ಬ್ಯಾಂಕಿನ ಸಾಲ ತಾನೇ ಎಂದುಕೊಂಡಳು. ಗೀತಾಂಜಲಿ ಇವಳಿಗಿಂತ ಮೂರು ವರ್ಷ ಚಿಕ್ಕವಳು, ‘ಅಕ್ಕಾ’ ಎಂದೇ ಕರೆಯುವವಳು, ಬಸ್ಸಿನಲ್ಲಿ ತಪ್ಪದೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಡುವವಳು. ಅದೂ ರೇಣುಕಾಳಿಗೆ ಸರಿ ಕಾಣುತ್ತಿರಲಿಲ್ಲ. ಎಲ್ಲ ಇದ್ದವಳಿಗೆ ಕಿಟಕಿ ಬಿಟ್ಟುಕೊಡುವುದೇನು ದೊಡ್ಡ ಮಾತು ಎನ್ನಿಸುತ್ತಿತ್ತು.

ಆದರೆ ರೇಣುಕಾಳ ಹತ್ತಿರವೂ ಒಂದು ಗುಟ್ಟಿತ್ತು. ಸರ್ಕಾರಿ ನೌಕರರ ಪಿಂಚಣಿಯ ಎನ್‌ಪಿಎಸ್‌ನಲ್ಲಿ ಎರಡು ಖಾತೆ. ಒಂದನೆಯದಕ್ಕೆ ತಿಂಗಳು ತಿಂಗಳು ಪಗಾರದಲ್ಲೇ ಕಡಿತವಾಗಿ ಹೋಗುತ್ತದೆ. ಅರವತ್ತು ತುಂಬುವ ತನಕ ಅದು ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ. ಎರಡನೆಯದು ಬೇಕಾದವರು ಮಾತ್ರ ತೆರೆಯುವಂಥದ್ದು. ತೆರಿಗೆ ಕಟ್ಟಿ, ಮನೆಖರ್ಚು ಕಳೆದು ಉಳಿದದ್ದನ್ನು ಅಲ್ಲಿ ಹಾಕಬಹುದು, ಬೇಕೆಂದಾಗ ತೆಗೆಯಬಹುದು. ಅದಕ್ಕೆ ತೆರಿಗೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆ ಎರಡನೇ ಖಾತೆಯಲ್ಲಿ ರೇಣುಕಾ ಒಂಬತ್ತು ವರ್ಷ ತಿಂಗಳಿಗೆ ಎರಡು ಸಾವಿರ, ಮೂರು ಸಾವಿರ ಹಾಕುತ್ತ ಬಂದು ನಾಲ್ಕು ಲಕ್ಷ ಮಾಡಿದ್ದಳು. ಕುರಿ ವ್ಯಾಪಾರ ಮಾಡುವ ಗಂಡ ಬೀರಲಿಂಗೇಶನಿಗೆ ಅದು ಗೊತ್ತಿರಲಿಲ್ಲ. ಅತ್ತೆ ಪಕ್ಕೀರಮ್ಮನಿಗಂತೂ ಗೊತ್ತೇ ಇಲ್ಲ.

ಆ ದುಡ್ಡು ಒಂದು ಖೋಲಿಗೆ. ಮಾವನ ಕಾಲದ ಆ ಮನೆಯಲ್ಲಿ ಒಂಬತ್ತು ಜನ. ಮೊದಲ ಪಿಯುಸಿ ಓದುವ ಮಗಳು ಚಂದನಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಒಂದು ಕಿವಿಗೆ ಅಜ್ಜಿಯ ಮಾತು, ಇನ್ನೊಂದು ಕಿವಿಗೆ ಟಿವಿ ಧಾರಾವಾಹಿ ಕೇಳಿಸಿಕೊಳ್ಳುತ್ತ ಭೌತಶಾಸ್ತ್ರ ಓದುತ್ತಿದ್ದಳು. ಮಹಡಿಯ ಮೇಲೆ ಒಂದು ಖೋಲಿ ಕಟ್ಟಿಸಬೇಕು, ಅದಕ್ಕೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲಿರಬೇಕು, ಎರಡನೇ ಪಿಯುಸಿ ಶುರುವಾಗುವ ಹೊತ್ತಿಗೆ ಮಗಳು ಅಲ್ಲಿ ಕೂತು ಓದಬೇಕು. ರೇಣುಕಾಳ ಆಸೆ ಅಷ್ಟೇ. ಗೌಂಡಿ ಹೊನ್ನೂರಸ್ವಾಮಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದ. ಯುಗಾದಿ ಮುಗಿದ ಸೋಮವಾರ ಕೆಲಸ ಹಿಡಿಯುವ ಮಾತಾಗಿತ್ತು.

ಇಂಥ ಗಟ್ಟಿ ಹೆಂಗಸಿನ ಬುದ್ಧಿ ಕೆಡಿಸಿದ್ದು ಒಂದು ಸೊನ್ನೆ.

ಜನವರಿ ಕೊನೆಗೆ ಶಾಲೆಗಳಲ್ಲಿ ಆದಾಯ ತೆರಿಗೆಯ ಜ್ವರ ಏರುತ್ತದೆ. ವರ್ಷದ ತೆರಿಗೆಯಲ್ಲಿ ಬಾಕಿ ಉಳಿದದ್ದೆಲ್ಲ ಫೆಬ್ರವರಿ ಪಗಾರದಲ್ಲಿ ಒಂದೇ ಏಟಿಗೆ ಕಡಿತವಾಗುವುದರಿಂದ, ಆ ತಿಂಗಳು ಮೇಷ್ಟರುಗಳ ಮುಖ ನೋಡುವ ಹಾಗಿರುವುದಿಲ್ಲ. ಹೊಸಹಳ್ಳಿ ಸುತ್ತಲಿನ ಐದಾರು ಶಾಲೆಯವರ ಲೆಕ್ಕವನ್ನೆಲ್ಲ ಮಾಡಿಕೊಡುವವರು ಗಣಿತದ ಕೊಟ್ರಸ್ವಾಮಿ ಮೇಷ್ಟ್ರು. ಚಹಾ ಬಿಟ್ಟರೆ ಯಾರಿಂದ ಏನೂ ಮುಟ್ಟುವವರಲ್ಲ. ಅವರದು ಒಂದು ಪದ್ಧತಿ. ಲೆಕ್ಕ ಮುಗಿದ ಮೇಲೆ ಪ್ರತಿಯೊಬ್ಬರ ಹಾಳೆಯನ್ನು ಸ್ಟಾಫ್‌ರೂಮಿನಲ್ಲಿ ಜೋರಾಗಿ ಓದುತ್ತಾರೆ. ಕಣ್ಣು ತಪ್ಪಿಸಿಕೊಂಡ ತಪ್ಪು ಕಿವಿಗೆ ಸಿಗುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ಯಾರ ಸಾಲ ಎಷ್ಟು, ಯಾರ ಎಲ್‌ಐಸಿ ಎಷ್ಟು ಎಂಬುದು ಆ ಭಾಗದ ಬಸ್ಸಿನ ಕಂಡಕ್ಟರಿಗೂ ಗೊತ್ತಿರುತ್ತಿತ್ತು. ರೇಣುಕಾ ತನ್ನ ಎರಡನೇ ಖಾತೆಯ ಮಾತನ್ನು ಅವರ ಮುಂದೆ ಎಂದೂ ಎತ್ತದೆ ಇದ್ದದ್ದು ಇದೇ ಕಾರಣಕ್ಕೆ.

“ರೇಣುಕಾ ಮೇಡಂ, ತೆರಿಗಿ ಹೊಸ ಪದ್ಧತಿ,” ಎಂದು ಆ ವರ್ಷ ಮೇಷ್ಟ್ರು ಓದಿದರು. “ಒಟ್ಟು ತೆರಿಗಿ ಇಪ್ಪತ್ತಾರು ಸಾವಿರ ಚಿಲ್ರಿ. ಕಟ್ಟಿದ್ದು ತಗದ್ರ ಹದಿನೆಂಟು ಸಾವಿರ ಬಾಕಿ. ಫೆಬ್ರವರಿ ಪಗಾರದಾಗ ಹೋಗತೈತ್ರಿ.”

ರೇಣುಕಾ ತಲೆಯಾಡಿಸಿದಳು. ಎಲ್ಲರದೂ ಹಾಗೇ ಇತ್ತು.

“ಗೀತಾಂಜಲಿ ಮೇಡಂ, ಹಳೇ ಪದ್ಧತಿ. ಮನಿ ಸಾಲದ ಬಡ್ಡಿ ಎರಡು ಲಕ್ಷ, ಎಲ್‌ಐಸಿ ಅದೂ ಇದೂ ಒಂದೂವರಿ ಲಕ್ಷ. ಆಮ್ಯಾಲ ನೋಡ್ರಿ, ಮೇಡಂ ಭಾಳ ಶ್ಯಾಣೇರು. ಎನ್‌ಪಿಎಸ್ ಎರಡನೇ ಖಾತಿಯಾಗಿನ ರೊಕ್ಕ ಅಷ್ಟೂ ಒಂದನೇ ಖಾತಿಗೆ ಹಾಕ್ಯಾರ! ಅದಕ್ಕ ಆದಾಯದಾಗ ಐವತ್ತು ಸಾವಿರ ಬ್ಯಾರೇನ ಕಡಿತ ಸಿಕ್ಕೈತಿ. ತೆರಿಗಿ ಸೊನ್ನಿ!”

ಸ್ಟಾಫ್‌ರೂಮಿನಲ್ಲಿದ್ದವರೆಲ್ಲ “ಹೋ” ಎಂದರು. ಗೀತಾಂಜಲಿ ನಾಚಿಕೊಂಡವಳಂತೆ ಸೆರಗು ಸರಿಮಾಡಿಕೊಂಡಳು.

ರೇಣುಕಾಳ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಒಂದೇ ಪಗಾರ, ಒಂದೇ ಬಸ್ಸು, ಈಗ ನೋಡಿದರೆ ಅವಳಿಗೂ ಒಂದು ಎರಡನೇ ಖಾತೆ! ತನ್ನದೊಂದೇ ಎಂದು ಒಂಬತ್ತು ವರ್ಷ ಬಚ್ಚಿಟ್ಟುಕೊಂಡದ್ದು ಅವಳ ಹತ್ತಿರವೂ ಇತ್ತು. ಇದ್ದದ್ದು ಸಾಲದು ಅಂತ ಅದರಿಂದ ತೆರಿಗೆಯನ್ನೂ ಸೊನ್ನೆ ಮಾಡಿಕೊಂಡಿದ್ದಾಳೆ. ಮೇಷ್ಟ್ರು ಓದಿದ್ದರಲ್ಲಿ ಮನೆ ಸಾಲ, ಬಡ್ಡಿ, ಎರಡು ಲಕ್ಷ ಎಂಬ ಮಾತೂ ಇತ್ತು. ಅದು ರೇಣುಕಾಳ ಕಿವಿಗೆ ಬಿತ್ತೋ ಇಲ್ಲವೋ, ತಲೆಗಂತೂ ಹೋಗಲಿಲ್ಲ. ಹೊಟ್ಟೆ ಉರಿಯುವಾಗ ಕಿವಿ ತನಗೆ ಬೇಕಾದದ್ದನ್ನೇ ಕೇಳುತ್ತದೆ. ಅವಳಿಗೆ ಕೇಳಿಸಿದ್ದು ಎರಡನೇ ಖಾತೆ, ಒಂದನೇ ಖಾತೆ, ಸೊನ್ನೆ. ಮೂರೇ.

ಆದರೂ ಒಂದು ತಿಂಗಳು ಹಲ್ಲು ಕಚ್ಚಿ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಫೆಬ್ರವರಿ ಪಗಾರ ಆದ ದಿನ. ಬಸ್ಸಿನಲ್ಲಿ ಇಬ್ಬರ ಮೊಬೈಲಿಗೂ ಒಟ್ಟಿಗೇ ಮೆಸೇಜು ಬಂತು. ರೇಣುಕಾಳದು ಹದಿನೆಂಟು ಸಾವಿರ ಕಡಿಮೆ. ಓರೆಗಣ್ಣಿನಲ್ಲಿ ಪಕ್ಕದ ಮೊಬೈಲು ನೋಡಿದಳು. ಅಲ್ಲಿ ಇಡೀ ಪಗಾರ ಮೈತುಂಬಿಕೊಂಡು ಕೂತಿತ್ತು.

“ಪಗಾರ ಆತು ನೋಡಕ್ಕಾ,” ಎಂದಳು ಗೀತಾಂಜಲಿ, ಹವಾಮಾನದ ಸುದ್ದಿ ಹೇಳಿದ ಹಾಗೆ.

“ನಿಂದು ಆತಲ್ಲ, ಸಾಕು ಬಿಡು,” ಎಂದು ರೇಣುಕಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೂಡ್ಲಿಗಿ ಬರುವ ತನಕ ತಿರುಗಿಸಿದ ಮುಖ ತಿರುಗಿಸಿದಂತೆಯೇ ಇತ್ತು.

ಒಂದನೇ ಖಾತೆಗೆ ಹೋದ ದುಡ್ಡು ಅರವತ್ತಕ್ಕೆ ಮೊದಲು ಬರುವುದಿಲ್ಲ ಎಂದು ರೇಣುಕಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೂ ಅದರದೇ ಬುದ್ಧಿವಂತಿಕೆ ಇರುತ್ತದೆ. ಗಂಗಾಧರನಂಥ ವ್ಯಾಪಾರಸ್ಥ ಹೆಂಡತಿಯ ದುಡ್ಡು ಎಲ್ಲೋ ಸಿಕ್ಕಿಹಾಕಿಕೊಳ್ಳಲು ಬಿಡುತ್ತಾನೆಯೇ? ಖಂಡಿತ ಇಲ್ಲ. ಅಂದಮೇಲೆ ತೆಗೆಯಲು ಏನೋ ಒಂದು ದಾರಿ ಇದ್ದೇ ಇದೆ, ಅದನ್ನು ಗಂಡ ಹೆಂಡತಿ ಯಾರಿಗೂ ಹೇಳುತ್ತಿಲ್ಲ ಅಷ್ಟೇ. ಮೊದಲು ತೆರಿಗೆ ಉಳಿಸಿಕೊಳ್ಳೋಣ, ಆ ದಾರಿಯನ್ನು ಆಮೇಲೆ ಹುಡುಕೋಣ ಎಂದು ತೀರ್ಮಾನಿಸಿದಳು. ಮೇಷ್ಟರನ್ನು ಕೇಳಬಹುದಿತ್ತು. ಕೇಳಿದರೆ ಅವರು ಜೋರಾಗಿ ಉತ್ತರ ಹೇಳುತ್ತಾರೆ. ಗೀತಾಂಜಲಿಯನ್ನು ನೋಡಿ ಕಲಿತಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆ ಮಾತು ಕೇಳುವುದಕ್ಕಿಂತ ಸಾಯುವುದು ಲೇಸು ಎನ್ನಿಸಿತು.

ಮಾರ್ಚ್ ಎರಡನೇ ವಾರ ಏಳನೇ ತರಗತಿಗೆ ಪರೀಕ್ಷೆ. ಕೊಠಡಿಯ ಮೇಲ್ವಿಚಾರಣೆ ರೇಣುಕಾಳದು. “ಅವಸರ ಮಾಡಬ್ಯಾಡ್ರಿ. ಪ್ರಶ್ನಿ ಎರಡು ಸಲ ಓದಿ ಆಮ್ಯಾಲ ಉತ್ತರ ಬರೀರಿ,” ಎಂದು ಮಕ್ಕಳಿಗೆ ಹೇಳಿ, ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಎನ್‌ಪಿಎಸ್ ಆ್ಯಪ್ ತೆಗೆದಳು. ಎರಡನೇ ಖಾತೆಯಿಂದ ಒಂದನೇ ಖಾತೆಗೆ ಎಂಬ ಕಡೆ ಒತ್ತಿದಳು. ಎಷ್ಟು ಎಂದು ಕೇಳಿತು. ತೆರಿಗೆಯ ರಿಯಾಯಿತಿ ಸಿಗುವುದು ಐವತ್ತು ಸಾವಿರಕ್ಕೆ ಮಾತ್ರ. ಅಷ್ಟನ್ನೇ ಹಾಕಿದ್ದರೂ ಆಗುತ್ತಿತ್ತು. ಆದರೆ ಮೇಷ್ಟ್ರು ‘ಅಷ್ಟೂ ಹಾಕ್ಯಾರ’ ಎಂದದ್ದು ನೆನಪಾಯಿತು. ಅವಳು ಅಷ್ಟೂ ಹಾಕಿದ್ದರೆ ತಾನೇನು ಕಡಿಮೆ? ಅಷ್ಟೂ ಹಾಕಿದಳು. ಹೀಗೆ ಹೋದ ಹಣ ಮರಳಿ ಎರಡನೇ ಖಾತೆಗೆ ಬರುವುದಿಲ್ಲ, ಒಪ್ಪಿಗೆಯೇ ಎಂದು ಸಣ್ಣ ಇಂಗ್ಲಿಷಿನ ನಾಲ್ಕು ಸಾಲು ಬಂದವು. ಒಂದು ಸಲವೂ ಓದಲಿಲ್ಲ. ಚೌಕದಲ್ಲಿ ಟಿಕ್ ಹಾಕಿ, ಓಟಿಪಿ ಕೊಟ್ಟು, ಮೊಬೈಲು ಬ್ಯಾಗಿಗೆ ಸೇರಿಸಿದಳು. ಎಷ್ಟೋ ವರ್ಷದ ಮೇಲೆ ಗೀತಾಂಜಲಿಯ ಸಮಕ್ಕೆ ಬಂದೆ ಎನ್ನಿಸಿ ಎದೆ ಹಗುರವಾಯಿತು. ಅವತ್ತು ಸಂಜೆ ಬಸ್ಸಿನಲ್ಲಿ ತಾನಾಗಿಯೇ ಶೇಂಗಾ ಕೊಂಡು ಅವಳಿಗೂ ಒಂದು ಪೊಟ್ಟಣ ಕೊಟ್ಟಳು.

ಆ ಹಗುರ ಹತ್ತು ದಿನ ಬಾಳಿತು. ಯುಗಾದಿಗೆ ನಾಲ್ಕು ದಿನ ಇದೆ ಎನ್ನುವಾಗ, ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೊಟ್ರಸ್ವಾಮಿ ಮೇಷ್ಟರ ಮುಂದೆ ಕೂತಳು.

“ಸರ್, ನನ್ನೂ ಹಳೇ ಪದ್ಧತಿಗೆ ಹಾಕ್ರಿ. ನಾನೂ ಎರಡನೇ ಖಾತಿಯಿಂದ ಒಂದನೇ ಖಾತಿಗೆ ಹಾಕೀನಿ. ಕಡಿತ ಆದ ಹದಿನೆಂಟು ಸಾವಿರ ವಾಪಸ್ ಬರತೈತಲ್ರಿ?”

ಮೇಷ್ಟ್ರು ಕನ್ನಡಕ ಏರಿಸಿ ಲೆಕ್ಕಕ್ಕೆ ಕೂತರು. ಒಮ್ಮೆ ಮಾಡಿದರು. ಮತ್ತೆ ಮಾಡಿದರು. ಅವತ್ತು ಅವರು ಜೋರಾಗಿ ಓದಲಿಲ್ಲ.

“ಮೇಡಂ, ಹಳೇದ್ರಾಗ ನಿಮಗ ಇಪ್ಪತ್ತೊಂಬತ್ತು ಸಾವಿರದ ಮ್ಯಾಲ ಬರತೈತಿ. ಹೊಸದ್ರಾಗ ಇಪ್ಪತ್ತಾರು. ಹೊಸದ ಚಲೋ ಐತ್ರಿ.”

“ಅದ್ಹೆಂಗ್ರಿ? ಗೀತಾಂಜಲಿಗೆ ಸೊನ್ನಿ ಬಂತಲ್ಲ!”

“ಅವರಿಗೆ ಮನಿ ಸಾಲ ಐತ್ರಿ ಮೇಡಂ. ಆ ಬಡ್ಡಿಯಿಂದ ಸೊನ್ನಿ ಬಂದೈತಿ. ನಿಮಗೆಲ್ಲೈತಿ ಸಾಲ? ಹೊಸ ಪದ್ಧತಿಯಾಗ ಈ ಐವತ್ತು ಸಾವಿರದ ಕಡಿತಾನ ಇಲ್ಲ. ಮುಂದಿನ ವರ್ಷದಿಂದ ಹೆಂಗೂ ಹನ್ನೆರಡು ಲಕ್ಷದ ತನಕ ತೆರಿಗೀನ ಇಲ್ಲ ಅಂದಾರ, ಆ ಚಿಂತಿ ಬಿಡ್ರಿ.” ಮೇಷ್ಟ್ರು ದನಿ ಇಳಿಸಿದರು. “ಎಷ್ಟು ಹಾಕೀರಿ?”

“ನಾಲ್ಕು ಲಕ್ಷ.”

ಮೇಷ್ಟ್ರು ಪೆನ್ನು ಕೆಳಗಿಟ್ಟರು.

“ತಗಿಯಾಕ ದಾರಿ ಇರತೈತಲ್ರಿ? ಮನಿ ಮ್ಯಾಲ ಖೋಲಿ ಕಟ್ಟಿಸಬೇಕು.”

“ನಿಮ್ಮ ಪಾಲಿನ ರೊಕ್ಕದಾಗ ಕಾಲು ಭಾಗ, ಮನಿ ಕಟ್ಟಾಕ ಅಂತ ಕೇಳಬಹುದ್ರಿ. ಆದ್ರ ಮನಿ ನಿಮ್ಮ ಹೆಸರಿಲೇ ಇರಬೇಕು, ಇಲ್ಲಂದ್ರ ನಿಮ್ಮದೂ ಯಜಮಾನರದೂ ಜೋಡಿ ಹೆಸರಿಲೆ. ಯಾರ ಹೆಸರಿನ್ಯಾಗೈತಿ?”

“ಮಾವಾರ ಹೆಸರಿನ್ಯಾಗ.”

“ಹಂಗಾರ ಆಗಂಗಿಲ್ರಿ. ಮುಂದ ಮಗಳ ದೊಡ್ಡ ಕಾಲೇಜಿನ ಫೀಜಿಗಾದ್ರ ಕೇಳಬಹುದು. ಖೋಲಿಗೆ ಇಲ್ಲ.” ಮೇಷ್ಟರಿಗೇ ಅಪರಾಧ ಮಾಡಿದಷ್ಟು ಸಂಕಟವಾಗಿತ್ತು. “ಒಂದು ಮಾತು ಕೇಳಬಾರದಿತ್ತೇನ್ರಿ ಮೇಡಂ?”

ಅರವತ್ತಕ್ಕೆ ಇನ್ನು ಹದಿನಾರು ವರ್ಷ. ಆಗ ಚಂದನಾಳಿಗೆ ಮೂವತ್ತಮೂರು. ರೇಣುಕಾ ಎದ್ದು ಶಾಲೆಯ ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡಳು. ಎಷ್ಟು ತೊಳೆದರೂ ಕಣ್ಣು ಉರಿಯುವುದು ನಿಲ್ಲಲಿಲ್ಲ. ತನ್ನ ಮೇಲೆ ಬರಬೇಕಾಗಿದ್ದ ಸಿಟ್ಟೆಲ್ಲ ತಿರುಗಿ ಗೀತಾಂಜಲಿಯ ಮೇಲೆ ಹೋಯಿತು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಅದು ಹೊರಗೆ ಬಿತ್ತು.

“ನಿನ್ನ ನೋಡಿ ನಾ ಹಾಳಾದೆ,” ಎಂದಳು ರೇಣುಕಾ. “ನಿನಗೇನವ್ವ, ಎಲ್ಲಾದಕ್ಕೂ ಒಂದು ದಾರಿ ಇರತೈತಿ. ನನ್ನ ಮಗಳ ಖೋಲಿ ಹೋತು.”

ಗೀತಾಂಜಲಿ ತಬ್ಬಿಬ್ಬಾದಳು. ರೇಣುಕಾ ಬೈದು ಬೈದು, ನಡುನಡುವೆ ಬಿಕ್ಕಿ, ನಾಲ್ಕು ಲಕ್ಷದ ಕತೆಯನ್ನೆಲ್ಲ ಹೇಳಿ ಮುಗಿಸಿದಳು. ಅಷ್ಟರಲ್ಲಿ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಹತ್ತಲಿಲ್ಲ.

“ಅಕ್ಕಾ, ನಾ ತೆರಿಗಿಗೆ ಅಂತ ಹಾಕಿಲ್ಲ,” ಎಂದಳು ಗೀತಾಂಜಲಿ ಕೊನೆಗೆ. “ನಮ್ಮನಿಯವರು ಎರಡನೇ ಅಂಗಡಿ ತಗೀತೀನಿ ಅಂತ ಬೆನ್ನು ಹತ್ತಿದ್ರು. ಬಂಗಾರ ಹೋತು. ಸೊಸೈಟಿಯಾಗಿನ ಡಿಪಾಜಿಟ್ ಹೋತು. ಉಳಿದಿದ್ದು ಇದೊಂದ ನೋಡು, ಆರು ಲಕ್ಷ. ದಿನಾ ಕೇಳೋರು. ಬ್ಯಾಂಕಿನ್ಯಾಗಿಟ್ರ ಸಹಿ ಮಾಡು ಅಂತಾರ. ಇಲ್ಲಿ ಹಾಕಿದ್ರ ದೇವರು ಬಂದು ಕೇಳಿದ್ರೂ ಬರಂಗಿಲ್ಲ. ತೆರಿಗಿ ಉಳಿಸಾಕ ಹಾಕೀನಿ ಅಂತ ಮನಿಯಾಗ ಹೇಳಿದೆ. ಮೇಷ್ಟ್ರು ಜೋರಾಗಿ ಓದಿದ್ದೂ ಚಲೋ ಆತು. ಊರ ಮಂದಿ ಬಾಯಿಲೆ ಕೇಳಿದ ಮ್ಯಾಲ ನಂಬಿದ್ರು.”

ಇದ್ದೇ ಇದೆ ಎಂದು ರೇಣುಕಾ ನಂಬಿದ್ದ ದಾರಿ ಇರಲಿಲ್ಲ. ದಾರಿ ಇಲ್ಲ ಎಂದೇ ಗೀತಾಂಜಲಿ ಅಲ್ಲಿ ಹಾಕಿದ್ದಳು.

“ಒಂದು ಮಾತು ಹೇಳಲೇನಕ್ಕಾ? ನಿನ್ನ ರೊಕ್ಕ ಒಂಬತ್ತು ವರ್ಷ ಆ ಖಾತಿಯಾಗ ಇತ್ತು ಅಂತಿ. ಒಬ್ಬರೂ ಮುಟ್ಟಲಿಲ್ಲ. ನಮ್ಮನಿಯಾಗ ಒಂಬತ್ತು ದಿನ ಉಳೀತಿರಲಿಲ್ಲ. ಬೀರಲಿಂಗಣ್ಣ ಒಂದಿನಾನೂ ನಿನ್ನ ಮೊಬೈಲ್ ತಗದು ನೋಡಿಲ್ಲಲ್ಲ. ಈಗ ಇದನ್ನ ಕೇಳಿ ನನಗ ಹೊಟ್ಟಿ ಉರೀತೈತಿ ನೋಡು, ದೇವರಾಣಿ.” ಕಣ್ಣೊರೆಸಿಕೊಂಡು ತಟ್ಟನೆ ಸೇರಿಸಿದಳು, “ಖೋಲಿ ಚಿಂತಿ ಬಿಡು. ನಮ್ಮ ಮ್ಯಾಲಿನ ಖೋಲಿ ಖಾಲಿನ ಬಿದ್ದೈತಿ. ಚಂದನಾನ್ನ ಕಳಸು.”

“ಬ್ಯಾಡವ್ವ,” ಎಂದಳು ರೇಣುಕಾ. ಬೇರೆ ಯಾರಾದರೂ ಆಗಿದ್ದರೆ ಗೀತಾಂಜಲಿಯನ್ನು ತಬ್ಬಿಕೊಂಡು ಅಳುತ್ತಿದ್ದರು. ರೇಣುಕಾಳಿಗೆ ಮರುಕ ಬಂತು, ಇಲ್ಲವೆನ್ನುವುದಿಲ್ಲ. ಅದರ ಹಿಂದೆಯೇ ಇನ್ನೊಂದೂ ಬಂತು. ದುಡ್ಡು ಕಳೆದುಕೊಳ್ಳುವುದರಲ್ಲೂ ಇವಳ ಕಾರಣವೇ ದೊಡ್ಡದು! ಇವಳದು ಸಂಕಟ, ತನ್ನದು ಬರೀ ದಡ್ಡತನ. ನಾಳೆ ನಾಲ್ಕು ಜನ ಕೇಳಿದರೆ ಅಯ್ಯೋ ಪಾಪ ಎನ್ನುವುದು ಇವಳಿಗೆ, ನಗುವುದು ತನಗೆ.

ಮನೆಗೆ ಬಂದು ಬೀರಲಿಂಗೇಶನಿಗೆ ಹೇಳಿದಳು. ಬೈಯಲಿ ಎಂದು ಕಾದಳು. ಅವನು ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, “ನಾಲ್ಕು ಲಕ್ಷ ಮಾಡಿದ್ದೇನ ಲೇ? ನೀನ ಒಬ್ಬಾಕಿ?” ಎಂದು ಬೆರಗಾಗಿ ಅವಳನ್ನೇ ನೋಡಿದ. ಆಮೇಲೆ, “ಹೋಗಲಿ ಬಿಡು, ಎಲ್ಲೂ ಓಡಿ ಹೋಗಿಲ್ಲಲ್ಲ. ಮುದುಕಿ ಆದಾಗ ನಿನಗ ಬರತೈತಿ,” ಎಂದ. ಹೊನ್ನೂರಸ್ವಾಮಿಗೆ ಫೋನು ಮಾಡಿ, ಈ ವರ್ಷ ಕೆಲಸ ಇಲ್ಲವೆಂದು ಅವನೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ರೇಣುಕಾಳಿಗೆ.

ಚಂದನಾ ಪುಸ್ತಕ ಎತ್ತಿಕೊಂಡು ಹೊಸ್ತಿಲಿಗೆ ಹೋಗಿ ಕೂತಳು. ಎರಡು ದಿನ ಹಾಗೇ ಕೂತಳು. ಮೂರನೇ ದಿನ ಸಂತೆಯಲ್ಲಿ ಗೀತಾಂಜಲಿ ಸಿಕ್ಕು ಅವಳನ್ನೇ ನೇರವಾಗಿ ಕರೆದಳಂತೆ. ಹುಡುಗಿ ಮನೆಗೆ ಬಂದು ಕುಣಿದುಬಿಟ್ಟಳು. ರೇಣುಕಾ ಬೇಡವೆನ್ನಲು ಬಾಯಿ ತೆರೆದಳು. ಆಗಲೇ ಒಳಗೆ ಟಿವಿ ಹತ್ತಿತು, ಪಕ್ಕೀರಮ್ಮ ಯಾರನ್ನೋ ಬೈಯತೊಡಗಿದಳು. ತೆರೆದ ಬಾಯಿ ಮುಚ್ಚಿಕೊಂಡು, “ಹೋಗು,” ಎಂದಳು.

ವಾರ ಕಳೆದ ಮೇಲೆ ಒಂದು ಸಂಜೆ ಮಗಳನ್ನು ಕರೆತರಲು ತಾನೇ ಹೋದಳು. ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಖೋಲಿಗೆ ಎರಡು ಕಿಟಕಿ. ಮೇಜು, ಫ್ಯಾನು, ಒಳಗಿನಿಂದ ಹಾಕಿಕೊಳ್ಳಲು ಹಿತ್ತಾಳೆಯ ಚಿಲಕ. ಹೊನ್ನೂರಸ್ವಾಮಿಗೆ ತಾನು ಬೆರಳು ಮಡಚಿ ಮಡಚಿ ಹೇಳಿದ್ದೆಲ್ಲ ಅಲ್ಲಿತ್ತು, ಒಂದೂ ಕಡಿಮೆಯಿರಲಿಲ್ಲ. ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ. ಚಂದನಾ ಏನೋ ಲೆಕ್ಕ ಬಿಡಿಸಿ ತೋರಿಸುತ್ತಿದ್ದಳು, ಗೀತಾಂಜಲಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ನಗುತ್ತಿದ್ದಳು. ಅವಳು ಬಸ್ಸಿನಲ್ಲಿ ಹಾಗೆ ನಕ್ಕದ್ದನ್ನು ಹದಿನೇಳು ವರ್ಷದಲ್ಲಿ ರೇಣುಕಾ ಒಮ್ಮೆಯೂ ಕಂಡಿರಲಿಲ್ಲ.

“ಬಾ ಅಕ್ಕಾ, ಕುಂದ್ರು. ಇಕಿ ಭಾಳ ಶ್ಯಾಣೇಕಿ ಅದಾಳ. ಎರಡನೇ ಪಿಯುಸಿ ಪರೀಕ್ಷಿ ಮುಗಿಯೋ ತನಕ ಈ ಖೋಲಿ ಇಕೀದ ನೋಡು. ನಮ್ಮನಿಯವರಿಗೂ ಹೇಳಿಬಿಟ್ಟೀನಿ.”

“ಅಮ್ಮಾ, ನೀ ನಡಿ,” ಎಂದಳು ಚಂದನಾ ಪುಸ್ತಕದಿಂದ ತಲೆ ಎತ್ತದೆ. “ನಾ ಇನ್ನೊಂದು ತಾಸು ಓದಿ ಬರ್ತೀನಿ. ಇಲ್ಲಿ ಚಲೋ ಓದಾಕ ಆಗತೈತಿ.”

“ಆತವ್ವ, ಓದು,” ಎಂದಳು ರೇಣುಕಾ. ಗೀತಾಂಜಲಿ ಬಾಗಿಲ ತನಕ ಬಂದು, ತಾನೇ ಬಿಡಿಸಿ ಕಟ್ಟಿದ್ದ ಹಡಗಲಿ ಮಲ್ಲಿಗೆಯ ಒಂದು ಮೊಳವನ್ನು ಕೈಗಿಟ್ಟಳು. “ನಿನ್ನಿಂದ ಭಾಳ ಉಪಕಾರ ಆತು ಗೀತಾ,” ಎಂದು ಹೇಳಿ ರೇಣುಕಾ ಮೆಟ್ಟಿಲಿಳಿದಳು. ಹೇಳಿದ್ದು ಸುಳ್ಳಲ್ಲ.

ಬೀದಿಗೆ ಬಂದು ಒಮ್ಮೆ ತಿರುಗಿ ಮೇಲೆ ನೋಡಿದಳು. ಹೊಟ್ಟೆ ಉರಿಯುತ್ತಲೇ ಇತ್ತು, ಮೊದಲಿಗಿಂತ ಜೋರಾಗಿ. ಮೊದಲಾದರೆ ಮನೆ ಸೇರುವ ತನಕ ಮನಸ್ಸಿನಲ್ಲೇ ನಾಲ್ಕು ಬೈದು ಅದನ್ನು ಆರಿಸಿಕೊಳ್ಳುತ್ತಿದ್ದಳು. ಇನ್ನು ಮೇಲೆ ಅವಳನ್ನು ಬೈಯುವ ಹಾಗೂ ಇರಲಿಲ್ಲ.